ಮೂರು ವರ್ಷದ ನೀರು

ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್
ಮಾರ್ಚ್ ಕೊನೆಯ ವಾರ

ಚಿ. ಸೌ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಹೊಸ ಮನೆಯ ಫೋಟೋಗಳನ್ನೆಲ್ಲ ನಿನ್ನ ಮಾವ ಟೀವಿ ಪರದೆಯ ಮೇಲೆ ದೊಡ್ಡದಾಗಿ ಹಾಕಿ ತೋರಿಸಿದರು. ಮನೆ ಚೆನ್ನಾಗಿದೆ, ಅಡುಗೆಮನೆಯ ಕಿಟಕಿ ಇನ್ನೂ ಚೆನ್ನಾಗಿದೆ. ಆದರೆ ನನ್ನ ಕಣ್ಣು ಹೋಗಿದ್ದು ಹಿಂದಿನ ಎರಡು ಎಕರೆ ಹುಲ್ಲಿನ ಮೇಲೆ. ಅಷ್ಟು ದೊಡ್ಡ ಹಿತ್ತಲಿನಲ್ಲಿ ಒಂದೂ ದೊಡ್ಡ ಮರವಿಲ್ಲ ಅಂದರೆ ನಮ್ಮೂರಿನವರು ಏನೆನ್ನುತ್ತಿದ್ದರು ಅಂತ ನಿನಗೆ ನಾನು ಹೇಳಬೇಕಿಲ್ಲ.

ಮೊನ್ನೆ ಫೋನಿನಲ್ಲಿ ಪೈನ್ ಮರದ ಮಾತು ತೆಗೆದವಳು ನೀನೇ, ಮುಚ್ಚಿದವಳೂ ನೀನೇ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ದೇಶದವರ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲ, ಮೂರು ಮೂರು ವರ್ಷಕ್ಕೆ ವೀಸಾ ಮುಂದುವರಿಸಿಕೊಂಡು ಕೂತವರು ನೂರಾರು ವರ್ಷ ಬಾಳುವ ಮರ ನೆಡೋದು ಅಂದರೆ ಏನರ್ಥ ಅತ್ತೆ ಅಂದೆ. ಅಷ್ಟರಲ್ಲಿ ಮಗು ಎದ್ದಿತು, ಮಾತು ಅಲ್ಲಿಗೇ ನಿಂತಿತು. ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೇ ಕಾಗದ. ಮರದ ವಿಷಯ ಪೂರ್ತಿ ಹೇಳಿ ಆಮೇಲೆ ವೀಸಾದ ವಿಷಯಕ್ಕೆ ಬರುತ್ತೇನೆ. ನಡುವೆ ಬಿಟ್ಟು ಕೊನೆಯ ಪುಟಕ್ಕೆ ಹಾರಬೇಡ.

ನರ್ಸರಿಗೆ ಹೋಗಿ ಬರೀ ಪೈನ್ ಅಂದರೆ ಮೂರು ನಾಲ್ಕು ಜಾತಿ ತಂದು ಮುಂದಿಡುತ್ತಾರೆ. ಆಸ್ಟ್ರಿಯನ್ ಪೈನ್ ನೋಡಲು ಗಟ್ಟಿಮುಟ್ಟು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪನ್ನೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಆದರೆ ವಯಸ್ಸಾಗುತ್ತ ಬಂದಂತೆ ಚಿಗುರು ಒಣಗಿಸುವ ಶಿಲೀಂಧ್ರಕ್ಕೆ ಸುಲಭವಾಗಿ ತುತ್ತಾಗುತ್ತದೆ. ಸ್ಕಾಟ್ಸ್ ಪೈನಿನ ಕಿತ್ತಳೆ ಬಣ್ಣದ ತೊಗಟೆ ಚೆಂದವೇ ಚೆಂದ, ಆದರೆ ಈ ದೇಶದಲ್ಲಿ ಅದಕ್ಕೂ ರೋಗ ಹೆಚ್ಚು. ನೀನು ಕೇಳಬೇಕಾದದ್ದು ಈಸ್ಟರ್ನ್ ವೈಟ್ ಪೈನ್. ಚೀಟಿಯಲ್ಲಿ ಪೈನಸ್ ಸ್ಟ್ರೋಬಸ್ ಅಂತ ಇರಬೇಕು, ಅದರ ಮುಂದೆ ಬೇರೆ ಹೆಸರು ಇರಕೂಡದು. ನಾನಾ ಅಂತಿದ್ದರೆ ಅದು ಕುಳ್ಳ ತಳಿ, ಪೆಂಡುಲಾ ಅಂದರೆ ಜೋಲುವ ತಳಿ, ಫ್ಯಾಸ್ಟಿಜಿಯಾಟ ಅಂದರೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ, ಸಣ್ಣ ಜಾಗದವರಿಗೆ ಮಾಡಿದ ತಳಿ. ಎರಡು ಎಕರೆ ಇಟ್ಟುಕೊಂಡವಳಿಗೆ ಅವೆಲ್ಲ ಯಾಕೆ? ಚೀಟಿಯ ಮೇಲೆ ನಂಬಿಕೆ ಬರದಿದ್ದರೆ ಒಂದು ಗೊಂಚಲು ಸೂಜಿ ಎಲೆ ಕಿತ್ತು ಎಣಿಸಿ ನೋಡು. ಆಸ್ಟ್ರಿಯನ್ನಿಗೂ ಸ್ಕಾಟ್ಸಿಗೂ ಗೊಂಚಲಿಗೆ ಎರಡೇ ಎಲೆ, ವೈಟ್ ಪೈನಿಗೆ ಐದು. ನೀಲಿ ಬೆರೆತ ಹಸಿರು, ಮೂರರಿಂದ ಐದು ಇಂಚು ಉದ್ದ, ಮುಟ್ಟಿದರೆ ಚುಚ್ಚುವುದಿಲ್ಲ. ಮಗು ಅದರ ಬುಡದಲ್ಲಿ ಧಾರಾಳವಾಗಿ ಆಡಿಕೊಳ್ಳಬಹುದು.

ಈ ಐದು ಎಲೆಯ ಲೆಕ್ಕ ನಿನ್ನ ಊರಿಗೂ ಸೇರಿದ್ದು. ನೀವಿರುವ ಸಿರಾಕ್ಯೂಸಿನ ಸುತ್ತಮುತ್ತಲ ನೆಲ ಆನನ್‌ಡಾಗ ಜನರದ್ದು. ಮೊಹಾಕ್, ಒನೈಡ, ಆನನ್‌ಡಾಗ, ಕಯೂಗ, ಸೆನೆಕ ಎಂಬ ಐದು ಜನಾಂಗಗಳು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲದಲ್ಲಿ ಶಾಂತಿದೂತನೊಬ್ಬ ಬಂದು ಅವರನ್ನು ಒಂದು ಒಕ್ಕೂಟಕ್ಕೆ ತಂದ ಎಂದು ಅವರ ಪರಂಪರೆ ಹೇಳುತ್ತದೆ. ಒಂದು ವೈಟ್ ಪೈನ್ ಮರವನ್ನು ಬುಡಸಮೇತ ಎತ್ತಿ, ಆ ಗುಂಡಿಗೆ ಎಲ್ಲರ ಆಯುಧಗಳನ್ನೂ ಹಾಕಿಸಿ, ಅದರ ಮೇಲೆ ಮತ್ತೆ ಅದೇ ಮರವನ್ನು ನಿಲ್ಲಿಸಿದನಂತೆ. ನಾಲ್ಕು ದಿಕ್ಕಿಗೆ ಬಿಳಿಯ ಬೇರು, ತುದಿಯಲ್ಲಿ ಕಾವಲಿಗೆ ಒಂದು ಹದ್ದು. ಬಂದು ನೆರಳು ಕೇಳಿದವರಿಗೆ ಆ ಬೇರಿನ ಗುಂಟ ದಾರಿ ಉಂಟು ಅನ್ನುವುದೂ ಆ ಕಥೆಯಲ್ಲೇ ಇದೆ. ಅವರು ಮರೆತ ಕಥೆಯಲ್ಲ ಇದು, ಇವತ್ತಿಗೂ ಹೇಳುವ ಕಥೆ.

ಆಮೇಲೆ ಯುರೋಪಿನಿಂದ ಬಂದವರು ಆ ಮರವನ್ನು ಬೇರೆ ಕಣ್ಣಿನಿಂದ ನೋಡಿದರು. ಹಡಗಿನ ಪಟ ಕಟ್ಟುವ ಕಂಬಕ್ಕೆ ಇಷ್ಟು ಉದ್ದದ, ಇಷ್ಟು ನೆಟ್ಟಗಿನ, ಇಷ್ಟು ಹಗುರದ ಮರ ಯುರೋಪಿನಲ್ಲಿ ಸಿಗುತ್ತಿರಲಿಲ್ಲ. 1691ರ ಮ್ಯಾಸಚೂಸೆಟ್ಸ್ ಸನ್ನದಿನಲ್ಲಿ, ಖಾಸಗಿಯವರಿಗೆ ಕೊಡದ ನೆಲದಲ್ಲಿ 24 ಇಂಚು ಅಥವಾ ಅದಕ್ಕಿಂತ ದಪ್ಪ ಇರುವ ಮರವೆಲ್ಲ ಇಂಗ್ಲೆಂಡಿನ ದೊರೆಯ ನೌಕಾಪಡೆಗೆ ಅಂತ ಬರೆದುಕೊಂಡರು. ಕೊಡಲಿಯಿಂದ ಮೂರು ಏಟು ಹಾಕಿ ಬಾಣದ ಗುರುತು ಮಾಡಿದರೆ ಮುಗಿಯಿತು, ಆ ಮರ ಸಮುದ್ರದಾಚೆಯ ದೊರೆಯದ್ದು. ಜನ ಸುಮ್ಮನಿರಲಿಲ್ಲ. 1772ರಲ್ಲಿ ನ್ಯೂ ಹ್ಯಾಂಪ್‌ಶೈರಿನ ವೇರ್ ಎಂಬ ಹಳ್ಳಿಯಲ್ಲಿ ಇದೇ ಮರದ ತಕರಾರಿಗೆ ಶೆರೀಫನನ್ನೇ ಹೊಡೆದು ಓಡಿಸಿದರು. ದೊರೆಯ ಕಾಲ ಮುಗಿದ ಮೇಲೆ ಗರಗಸದ ಮಿಲ್ಲುಗಳ ಕಾಲ ಬಂತು. ನಾವಿರುವ ಈ ಮಿಷಿಗನ್ 1870ರ ದಶಕದಿಂದ ಎರಡು ಮೂರು ದಶಕ ಮರದ ಉತ್ಪಾದನೆಯಲ್ಲಿ ದೇಶಕ್ಕೇ ಮೊದಲು. ಕಡಿದು ಕಡಿದು, ಕೊನೆಗೆ ಉಳಿದದ್ದು ಅಲ್ಲೊಂದು ಇಲ್ಲೊಂದು ತುಂಡು ಕಾಡು. ಗ್ರೇಲಿಂಗ್ ಹತ್ತಿರದ ಹಾರ್ಟ್‌ವಿಕ್ ಪೈನ್ಸ್ ಅಂಥದ್ದೊಂದು. 1927ರಲ್ಲಿ ಕೆರೆನ್ ಮೈಕೆಲ್ಸನ್ ಹಾರ್ಟ್‌ವಿಕ್ ಎಂಬಾಕೆ ಅದನ್ನು ರಾಜ್ಯಕ್ಕೆ ದಾನ ಕೊಟ್ಟರು. 1940ರ ಬಿರುಗಾಳಿಗೆ ಅದರಲ್ಲೂ ಅರ್ಧದ ಹತ್ತಿರ ಉರುಳಿ, ಈಗ ಹಳೆಯ ಕಾಡು ಅಂತ ಇರುವುದು 49 ಎಕರೆ. ಎಲ್ಲ ಕಡಿದು ಮುಗಿಸಿದ ಮೇಲೆ, 1955ರಲ್ಲಿ, ವೈಟ್ ಪೈನನ್ನೇ ರಾಜ್ಯವೃಕ್ಷ ಅಂತ ಘೋಷಿಸಿದರು. ಮುಂದಿನ ಸಲ ನೀವು ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ, ಒಂದು ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ ಮೇಲೆ ನೀನು ಗಿಡವನ್ನು ಮನೆಯ ಗೋಡೆಯ ಪಕ್ಕ ನೆಡುವ ಮಾತೇ ಆಡುವುದಿಲ್ಲ.

ಅಡುಗೆಮನೆಯ ಕಿಟಕಿಯಿಂದ ಕಾಣುವಂತೆ ಹತ್ತಿರದಲ್ಲೇ ನೆಡಬೇಕು ಅಂತ ನಿನಗೆ ಆಸೆ. ಬೇಡ ಪುಟ್ಟಿ. ಈಗ ಮೊಣಕಾಲೆತ್ತರ ಇರುವ ಗಿಡ ಹಿತ್ತಲಲ್ಲಿ 50ರಿಂದ 80 ಅಡಿ ಎತ್ತರ, 20ರಿಂದ 40 ಅಡಿ ಅಗಲ ಆಗುತ್ತದೆ. ಕಾಡಿನಲ್ಲಿ 150 ಅಡಿ ದಾಟಿದ್ದೂ ಉಂಟು. ಅದರ ಕೊಂಬೆ ಮೃದು. ನಿಮ್ಮ ಕಡೆ ಸರೋವರದಿಂದ ಎದ್ದು ಬರುವ ಒದ್ದೆ ಹಿಮ ಕೂತರೆ, ಮಂಜುಗಡ್ಡೆ ಕಟ್ಟಿದರೆ, ದೊಡ್ಡ ಕೊಂಬೆಯೂ ಮುರಿದು ಬೀಳುತ್ತದೆ. ಆದ್ದರಿಂದ ಮನೆಯಿಂದ 60 ಅಡಿಯಾದರೂ ದೂರ ಇರಲಿ, ಇನ್ನೂ ಹೆಚ್ಚಾದರೆ ಇನ್ನೂ ಒಳ್ಳೆಯದು. ಜಾಗ ಮನೆಯ ವಾಯವ್ಯಕ್ಕೆ ಇರಲಿ. ಚಳಿಗಾಲದ ಕೊರೆಯುವ ಗಾಳಿ ಬರುವುದು ಆ ಕಡೆಯಿಂದಲೇ. ಮುಂದೆ ಒಂದರ ಜೊತೆ ಇನ್ನೊಂದಷ್ಟು ಸೇರಿಸಿ ಸಾಲು ಮಾಡಿದರೆ ಗಾಳಿಗೆ ತಡೆಯಾಗುತ್ತದೆ. ದಕ್ಷಿಣಕ್ಕೆ ಮಾತ್ರ ಖಂಡಿತ ಬೇಡ. ವರ್ಷವಿಡೀ ಎಲೆ ಇರುವ ಮರ, ಜನವರಿಯ ಸಿಕ್ಕಷ್ಟು ಬಿಸಿಲನ್ನೂ ನುಂಗಿಬಿಡುತ್ತದೆ. ದೂರ ನೆಟ್ಟರೆ ಕಾಣುವುದಿಲ್ಲ ಅಂತ ಚಿಂತೆ ಮಾಡಬೇಡ, ಕಿಟಕಿಯಿಂದ ಇಡೀ ಮರ ಕಾಣಬೇಕಾದರೆ ಅಷ್ಟು ದೂರ ಬೇಕೇ ಬೇಕು.

ರಸ್ತೆಯ ಅಂಚೂ ಬೇಡ. ಹಿಮ ಕರಗಿಸಲು ಎರಚಿದ ಉಪ್ಪು ಗಾಡಿಗಳ ಚಕ್ರದಿಂದ ಸಿಡಿದು ಎಲೆಗೆ ತಾಗಿದರೆ ವಸಂತಕ್ಕೆ ರಸ್ತೆಯ ಕಡೆಯ ಅರ್ಧ ಮರ ಕಂದಾಗಿರುತ್ತದೆ. ತಲೆಯ ಮೇಲೆ ವಿದ್ಯುತ್ ತಂತಿ ಇರಬಾರದು, ಕೆಳಗೆ ಸೆಪ್ಟಿಕ್ ಟ್ಯಾಂಕಿನ ಕೊಳವೆ ಇರಬಾರದು. ಗುದ್ದಲಿ ಮುಟ್ಟುವ ಮುಂಚೆ 811ಕ್ಕೆ ಫೋನ್ ಮಾಡಿದರೆ ನೆಲದೊಳಗಿನ ಗ್ಯಾಸು, ಕೇಬಲ್ಲು ಎಲ್ಲೆಲ್ಲಿ ಹಾದುಹೋಗಿದೆ ಅಂತ ಗುರುತು ಹಾಕಿ ಹೋಗುತ್ತಾರೆ, ದುಡ್ಡು ಕೊಡಬೇಕಿಲ್ಲ. ಬೇಲಿಯ ಆಚೆ ಪಕ್ಕದವರದ್ದು ಕಪ್ಪು ವಾಲ್‌ನಟ್ ಮರ ಇದೆಯೋ ನೋಡು. ಅದರ ಬೇರು ಬಿಡುವ ವಿಷ ವೈಟ್ ಪೈನಿಗೆ ಆಗಿಬರುವುದಿಲ್ಲ.

ಮಣ್ಣಿನ ಮಾತು. ಈ ಮರಕ್ಕೆ ಬೇಕಾದದ್ದು ನೀರು ಬಸಿಯುವ, ಸ್ವಲ್ಪ ಹುಳಿಯ ಮಣ್ಣು. ನಿಮ್ಮ ಕಡೆ ಸುಣ್ಣಕಲ್ಲಿನ ನೆಲ ಹೆಚ್ಚು. ಸುಣ್ಣದಂಶ ಜಾಸ್ತಿಯಾದರೆ ಎಲೆ ಹಳದಿಗೆ ತಿರುಗುತ್ತದೆ. ಕೌಂಟಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕಚೇರಿ ಇದೆ, ಅಲ್ಲಿ ಮಣ್ಣಿನ ಪಿಎಚ್ ನೋಡಿಸು. ಐದಕ್ಕೂ ಆರೂವರೆಗೂ ನಡುವೆ ಬಂದರೆ ನಿಶ್ಚಿಂತೆ. ಇನ್ನೊಂದು, ಹೊಸ ಮನೆ ಕಟ್ಟುವಾಗ ಯಂತ್ರಗಳು ಓಡಾಡಿ ನೆಲ ಗಾರೆಯ ಹಾಗೆ ಗಟ್ಟಿಯಾಗಿರುತ್ತದೆ. ಒಂದು ಮೊಳ ಆಳದ ಗುಂಡಿ ತೋಡಿ ನೀರು ತುಂಬಿಸಿಡು. ಮಾರನೆಯ ದಿನವೂ ನೀರು ನಿಂತಿದ್ದರೆ ಅಲ್ಲಿ ನೆಡಬೇಡ, ಎತ್ತರದ ಜಾಗ ಹುಡುಕು.

ಗಿಡ ಚಿಕ್ಕದೇ ತಾ. ಹತ್ತಡಿ ಎತ್ತರದ ಮರವನ್ನೇ ತಂದು ನಿಲ್ಲಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಅಷ್ಟು ದೊಡ್ಡದನ್ನು ಕಿತ್ತು ತರುವಾಗ ಅದರ ಬೇರಿನ ಬಹುಪಾಲು ಹಿಂದೆಯೇ ಉಳಿದಿರುತ್ತದೆ. ಹೊಸ ನೆಲದಲ್ಲಿ ಅದು ವರ್ಷಗಟ್ಟಲೆ ಮುಲುಗುತ್ತ ನಿಲ್ಲುವಷ್ಟರಲ್ಲಿ ಎರಡಡಿಯ ಸಸಿ ಬೇರೂರಿ ಅದನ್ನು ಹಿಂದೆ ಹಾಕುವುದುಂಟು. ವಸಂತದಲ್ಲಿ ಕೌಂಟಿಯ ಮಣ್ಣು ಮತ್ತು ನೀರು ಸಂರಕ್ಷಣಾ ಕಚೇರಿಯವರು ಸಸಿ ಮಾರುತ್ತಾರೆ, ಅಗ್ಗಕ್ಕೆ ಸಿಗುತ್ತದೆ. ನೆಡಲು ಏಪ್ರಿಲ್ ಕೊನೆ, ಮೇ ಮೊದಲು ಸರಿಯಾದ ಕಾಲ.

ಗುಂಡಿ ಬೇರಿನ ಗಡ್ಡೆಯಷ್ಟೇ ಆಳ, ಅದರ ಎರಡು ಮೂರು ಪಟ್ಟು ಅಗಲ. ಕಾಂಡ ಬೇರಾಗಿ ಅಗಲವಾಗುವ ಜಾಗ ನೆಲದ ಮಟ್ಟಕ್ಕೇ ಕಾಣಬೇಕು, ಮಣ್ಣಿನಲ್ಲಿ ಹೂತರೆ ನಿಧಾನವಾಗಿ ಕೊಳೆಯುತ್ತದೆ. ಗೋಣಿತಾಟು, ತಂತಿ ಬುಟ್ಟಿ ಇದ್ದರೆ ಬಿಚ್ಚಿ ತೆಗೆ. ಕುಂಡದಲ್ಲಿ ಸುತ್ತು ಹೊಡೆದ ಬೇರಿದ್ದರೆ ಬಿಡಿಸು, ಬಿಡಿಸಲಾಗದಿದ್ದರೆ ಕತ್ತರಿಸು. ಗೊಬ್ಬರ ಹಾಕಬೇಡ. ಊರಿನಿಂದ ನಿನ್ನ ಅಪ್ಪ ಬೇವಿನ ಹಿಂಡಿ ಹಾಕು ಅಂತ ಹೇಳಿಯಾನು, ಹೂಂ ಅಂದು ಸುಮ್ಮನಿರು. ತೋಡಿದ ಮಣ್ಣನ್ನೇ ಹಾಕಿ ತುಳಿದು, ಮೇಲೆ ಮರದ ಚಕ್ಕೆಯನ್ನೋ ತರಗೆಲೆಯನ್ನೋ ಮೂರು ಇಂಚು ಹೊದಿಸು. ಹೊದಿಕೆ ಕಾಂಡಕ್ಕೆ ತಾಗಬಾರದು.

ಇನ್ನು ಮುಂದಿನದೇ ಮುಖ್ಯ. ಮೊದಲ ಮೂರು ವರ್ಷ ಈ ಗಿಡ ನಿನ್ನ ಕೈ ನೋಡುತ್ತದೆ. ಮಳೆ ಬಾರದ ವಾರ ಎರಡು ಮೂರು ಬಕೆಟ್ ನೀರು ನಿಧಾನವಾಗಿ ಇಂಗುವಂತೆ ಬಿಡು. ದಿನಾ ಚಿಮುಕಿಸುವುದರಿಂದ ಏನೂ ಆಗುವುದಿಲ್ಲ, ಬೇರು ಮೇಲೆಯೇ ಉಳಿಯುತ್ತದೆ. ಅಕ್ಟೋಬರಿನಲ್ಲಿ ಇನ್ನೇನು ಚಳಿ ಬಂತು, ನೀರು ಸಾಕು ಅಂತ ಅನ್ನಿಸುತ್ತದೆ. ಎಲೆ ಉದುರಿಸುವ ಮರ ಅದನ್ನು ಹೆಚ್ಚುಕಡಿಮೆ ತಡೆದುಕೊಳ್ಳುತ್ತದೆ. ಪೈನ್ ಚಳಿಗಾಲದಲ್ಲೂ ಎಲೆಯಿಂದ ನೀರು ಕಳೆದುಕೊಳ್ಳುತ್ತದೆ, ನೆಲ ಹೆಪ್ಪುಗಟ್ಟಿದ ಮೇಲೆ ಬೇರಿನಿಂದ ತುಂಬಿಕೊಳ್ಳಲಾಗುವುದಿಲ್ಲ. ಹಾಗಾಗಿ ನೆಲ ಗಟ್ಟಿಯಾಗುವ ಮುಂಚೆ ಒಮ್ಮೆ ಹೊಟ್ಟೆ ತುಂಬ ನೀರು ಕುಡಿಸು. ಜಿಂಕೆಗಳಿಗೆ ಚಳಿಗಾಲದಲ್ಲಿ ಈ ಎಲೆ ಅಂದರೆ ಬಹಳ ಇಷ್ಟ. ಸುತ್ತ ಐದಡಿಯ ತಂತಿ ಬಲೆ ಕಟ್ಟು. ಮಿನಸೋಟದ ಕಡೆಯವರು ಇನ್ನೊಂದು ಉಪಾಯ ಮಾಡುತ್ತಾರೆ. ಶರತ್ಕಾಲದಲ್ಲಿ ತುದಿಯ ಮೊಗ್ಗಿನ ಸುತ್ತ ಒಂದು ತುಂಡು ಕಾಗದ ಮಡಿಸಿ, ಎಲೆಗಳೂ ಸಿಕ್ಕುವಂತೆ ಸ್ಟೇಪ್ಲರ್ ಹೊಡೆದುಬಿಡುತ್ತಾರೆ. ಜಿಂಕೆ ಕಾಗದ ತಿನ್ನುವುದಿಲ್ಲ, ವಸಂತದಲ್ಲಿ ಚಿಗುರು ಅದನ್ನು ತಳ್ಳಿಕೊಂಡು ಮೇಲೆ ಬರುತ್ತದೆ. ಆ ಕೆಲಸ ಮಗುವಿಗೆ ಕೊಡು.

ಬೇರು ಹಿಡಿಯುವವರೆಗೆ ಬೆಳವಣಿಗೆ ಕಡಿಮೆ, ಬೇಸರ ಮಾಡಿಕೊಳ್ಳಬೇಡ. ಆಮೇಲೆ ನೋಡು, ವರ್ಷಕ್ಕೆ ಎರಡು ಮೂರಡಿ ಏರುತ್ತದೆ. ಮೇ ತಿಂಗಳಲ್ಲಿ ಕೊಂಬೆಗಳ ತುದಿಯಲ್ಲಿ ತೆಳು ಹಸಿರಿನ ನೆಟ್ಟನೆಯ ಚಿಗುರುಗಳು ಏಳುತ್ತವೆ. ಮರ ಒತ್ತಾಗಿ ಬೆಳೆಯಬೇಕು ಅಂತಿದ್ದರೆ ಆಗಲೇ ಪಕ್ಕದ ಚಿಗುರುಗಳನ್ನು ಅರ್ಧಕ್ಕೆ ಚಿವುಟಬೇಕು. ಎಲೆಯಿಲ್ಲದ ಹಳೆಯ ಕೊಂಬೆಗೆ ಕತ್ತರಿ ಹಾಕಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ನನ್ನ ಕೇಳಿದರೆ ಚಿವುಟುವುದೂ ಬೇಡ, ಎರಡು ಎಕರೆಯಲ್ಲಿ ಅದು ತನ್ನಿಚ್ಛೆಗೆ ಬೆಳೆಯಲಿ. ಪ್ರತಿ ವರ್ಷ ಕಾಂಡದ ಸುತ್ತ ಒಂದು ಸುತ್ತು ಕೊಂಬೆ ಬರುತ್ತದೆ. ಎಳೆಯ ಮರದ ವಯಸ್ಸು ತಿಳಿಯಬೇಕಾದರೆ ಆ ಸುತ್ತುಗಳನ್ನು ಎಣಿಸಿದರೆ ಸಾಕು.

ಒಂದು ಶತ್ರುವಿನ ಬಗ್ಗೆ ಹೇಳಲೇಬೇಕು. ನಮ್ಮ ತೆಂಗಿಗೆ ಕೆಂಪು ಮೂತಿ ಹುಳು ಇದ್ದ ಹಾಗೆ ಇದಕ್ಕೂ ಒಂದು ಮೂತಿ ಹುಳು ಇದೆ. ಕೆಳಗಿನ ತರಗೆಲೆಯಲ್ಲಿ ಚಳಿಗಾಲ ಕಳೆದು, ಹಿಮ ಕರಗುತ್ತಲೇ ಕಾಂಡ ಹತ್ತಿ ತುದಿಯ ಸುಳಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ತೊಗಟೆಯೊಳಗೆ ಕೆಳಮುಖವಾಗಿ ಕೊರೆಯುತ್ತ ಬರುತ್ತವೆ. ಜೂನ್ ಹೊತ್ತಿಗೆ ಸುಳಿ ಬಾಡಿ ಕೊಕ್ಕೆಯಂತೆ ಬಾಗುತ್ತದೆ. ತೆಂಗಿನ ಸುಳಿ ಹೋದರೆ ಮರವೇ ಹೋಯಿತು ಅಂತ ಕೇಳಿ ಬೆಳೆದವಳು ನೀನು, ನೋಡಿದ ಕೂಡಲೇ ಅಳಬೇಡ. ಇದರಲ್ಲಿ ಹಾಗಲ್ಲ. ಜುಲೈ ಮಧ್ಯದೊಳಗೆ ಒಣಗಿದ ಭಾಗವನ್ನು ಕೆಳಗಿನ ಹಸಿ ತೊಗಟೆ ಕಾಣುವವರೆಗೆ ಕತ್ತರಿಸಿ ಸುಟ್ಟುಬಿಡು. ಕೆಳಗಿನ ಸುತ್ತಿನಲ್ಲಿ ಗಟ್ಟಿಯಾದ ಒಂದು ಕೊಂಬೆಯನ್ನು ಆರಿಸಿ, ಕೋಲು ಕಟ್ಟಿ ನೆಟ್ಟಗೆ ನಿಲ್ಲಿಸು, ಉಳಿದವನ್ನು ಮೊಟಕು ಮಾಡು. ಅದೇ ಹೊಸ ಸುಳಿಯಾಗುತ್ತದೆ. ಆಗ ನೀನು ಅಲ್ಲಿ ಇಲ್ಲದಿದ್ದರೆ? ಮರವೇ ಒಂದೋ ಎರಡೋ ಕೊಂಬೆಯನ್ನು ಎತ್ತಿ ನಿಲ್ಲಿಸಿಕೊಳ್ಳುತ್ತದೆ. ಕಾಂಡ ಸ್ವಲ್ಪ ಡೊಂಕಾದೀತು, ಕವಲಾದೀತು. ದೊರೆಯ ಹಡಗಿಗೆ ಆಗದು ಅಷ್ಟೇ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಳಗಿನ ಎಲೆಯೆಲ್ಲ ಒಮ್ಮೆಲೇ ಹಳದಿಯಾಗಿ ಉದುರುತ್ತದೆ. ಮರ ಸತ್ತಿತು ಅಂತ ಹೊಸಬರು ನರ್ಸರಿಗೆ ಓಡುತ್ತಾರೆ. ಅದು ಹಳೆಯ ಎಲೆ, ಉದುರಲೇಬೇಕು. ತುದಿಯ ಎಲೆ ಹಸಿರಿದ್ದರೆ ಚಿಂತೆಯಿಲ್ಲ. ಬಿದ್ದದ್ದನ್ನು ಗುಡಿಸಬೇಡ, ಅದೇ ಒಳ್ಳೆಯ ಹೊದಿಕೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ವೀಸಾದ ಕಾಗದದಲ್ಲಿ ಎಷ್ಟು ವರ್ಷ ಇದೆ? ಮೂರು. ಈ ಗಿಡಕ್ಕೆ ನಿನ್ನಿಂದ ಬೇಕಾದದ್ದು ಎಷ್ಟು? ಅದೂ ಮೂರೇ. ಅಲ್ಲಿಂದ ಮುಂದಿನ ನೂರಾರು ವರ್ಷ ಮಳೆಯದ್ದು, ಮಣ್ಣಿನದ್ದು, ಆಗ ಆ ಮನೆಯಲ್ಲಿ ಇರುವವರದ್ದು. ಮರದ ಪೂರ್ತಿ ಆಯುಷ್ಯಕ್ಕೆ ಹೊಣೆಯಾಗಬೇಕಾದ ಮನುಷ್ಯ ಎಲ್ಲಿದ್ದಾನೆ ಹೇಳು? ಗ್ರೀನ್ ಕಾರ್ಡ್ ಸಿಕ್ಕಿ ದಶಕಗಳಾದ ನಾನೂ ನನ್ನ ಹಿತ್ತಲಿನ ಮರದ ಮಟ್ಟಿಗೆ ಸ್ವಲ್ಪ ಕಾಲ ಬಂದು ಹೋಗುವವಳೇ. ಬಾಣದ ಗುರುತು ಹಾಕಿಸಿದ ದೊರೆಯೂ ಅಷ್ಟೇ, ಮಿಲ್ಲಿನ ಸಾಹುಕಾರನೂ ಅಷ್ಟೇ.

ನನ್ನ ಅಜ್ಜ, ನಿನಗೆ ಮುತ್ತಜ್ಜ, ಗೇಣಿ ಒಕ್ಕಲು. ಒಡೆಯರು ಬಿಡು ಅಂದರೆ ಬಿಡಬೇಕಾದ ನೆಲ. ಆ ನೆಲದಲ್ಲಿ ಅವರು ಮನೆಯ ಮೇಲಿನ ದರೆಯ ಮೇಲೆ ಹಲಸು ಹಾಕಿದರು. 1974ರ ಭೂಸುಧಾರಣೆ ಬಂದು ಗೇಣಿ ನೆಲ ನಮ್ಮದಾಗಲಿ ಅಂತ ಡಿಕ್ಲರೇಷನ್ ಹಾಕಿದಾಗ ಮನೆ, ತೋಟ ನಮಗೆ ಬಂತು. ಹಲಸು ಇದ್ದ ತುಂಡು ಮಾತ್ರ ಪಕ್ಕದ ಒಕ್ಕಲಿನವರಿಗೆ ಹೋಯಿತು. ಯಾರೂ ಆ ಮರಕ್ಕಾಗಿ ಜಗಳ ಆಡಲಿಲ್ಲ. ಈಗಲೂ ಅವರ ಮಕ್ಕಳು ಹಣ್ಣು ಕೊಯ್ದು ನಿನ್ನ ಅಪ್ಪನಿಗೆ ಎರಡು ಕಳಿಸುತ್ತಾರೆ, ನೀನು ರಜೆಗೆ ಹೋದಾಗ ತಿಂದ ಕಡುಬು ಅದರದ್ದೇ. ನೆಟ್ಟವರಿಗೇ ಸಿಗಬೇಕು ಅಂತ ಹಟ ಹಿಡಿದಿದ್ದರೆ ಅಜ್ಜ ಆ ಬೀಜವನ್ನು ಒಲೆಯ ಕೆಂಡಕ್ಕೆ ಹಾಕಿ ಸುಟ್ಟು ತಿನ್ನಬೇಕಿತ್ತು.

ಇನ್ನೊಂದು ಮಾತು, ಅತ್ತೆ ಬುದ್ಧಿ ಹೇಳಿದಳು ಅಂದುಕೊಂಡರೂ ಸರಿ. ಕಾಯುವ ವರ್ಷಗಳನ್ನು ನೀವಿಬ್ಬರೂ ಲೆಕ್ಕಕ್ಕೇ ಹಿಡಿಯುತ್ತಿಲ್ಲ. ಗೋಡೆಗೆ ಬಣ್ಣ ಹಚ್ಚುವುದು ಗ್ರೀನ್ ಕಾರ್ಡ್ ಬಂದ ಮೇಲೆ, ಪಕ್ಕದವರ ಪರಿಚಯ ಗ್ರೀನ್ ಕಾರ್ಡ್ ಬಂದ ಮೇಲೆ, ಮರ ಗ್ರೀನ್ ಕಾರ್ಡ್ ಬಂದ ಮೇಲೆ. ಮಗು ಮಾತ್ರ ಅದಕ್ಕೆ ಕಾಯದೆ ಬೆಳೆಯುತ್ತಿದೆ. ನಾಳೆ ಊರಿಗೇ ಮರಳಿದರೂ ಆ ಹಿತ್ತಲಿನಲ್ಲಿ ಜಿಂಕೆಯಿಂದ ಕಾಪಾಡಲು ಕಾಗದದ ಟೊಪ್ಪಿಗೆ ಹಾಕಿದ್ದು ಅವನದ್ದಾಗಿಯೇ ಉಳಿಯುತ್ತದೆ.

ಏಪ್ರಿಲ್ ಕೊನೆಗೆ ಇನ್ನು ನಾಲ್ಕೈದೇ ವಾರ. ಮೊದಲು 811ಕ್ಕೆ ಫೋನ್ ಮಾಡು, ಆಮೇಲೆ ನನಗೆ. ಅಳಿಯಂದಿರಿಗೆ ನಮ್ಮ ನೆನಪು ಹೇಳು, ಗುಂಡಿ ತೋಡುವ ಕೆಲಸ ಅವರದ್ದು. ಮಗುವಿಗೆ ಮುದ್ದು.

ಇತಿ ನಿನ್ನ
ಅತ್ತೆ

ತಾ.ಕ.: ಪಕ್ಕದ ಮನೆಯಾಕೆ ಕಪ್ಪು ಕರಂಟ್ ಗಿಡ ಕೊಡುತ್ತೇನೆ ಅಂದಿದ್ದಾರೆ ಅಂತ ಹೇಳಿದ್ದೆಯಲ್ಲ, ನಯವಾಗಿ ಬೇಡ ಅನ್ನು. ಕರಂಟ್, ಗೂಸ್‌ಬೆರ್ರಿ ಎರಡೂ ಒಂದೇ ಕುಲ. ವೈಟ್ ಪೈನನ್ನು ಕೊಲ್ಲುವ ಬ್ಲಿಸ್ಟರ್ ರಸ್ಟ್ ಎಂಬ ಶಿಲೀಂಧ್ರ ಒಂದು ಪೈನಿನಿಂದ ಇನ್ನೊಂದಕ್ಕೆ ನೇರವಾಗಿ ಹಬ್ಬಲಾರದು, ನಡುವೆ ಇವುಗಳ ಎಲೆಯ ಮೇಲೆ ಒಂದು ಸುತ್ತು ಬದುಕಲೇಬೇಕು. ಯುರೋಪಿನಿಂದ ಸಸಿಗಳ ಜೊತೆ ಬಂದ ರೋಗ ಅದು. 1906ರಲ್ಲಿ ಈ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ನಿಮ್ಮ ರಾಜ್ಯದ ಜಿನೀವಾ ಊರಿನಲ್ಲೇ. ಅದರಿಂದಾಗಿ ಕರಂಟ್ ಬೆಳೆಯುವುದಕ್ಕೇ ದೇಶಾದ್ಯಂತ ತಡೆ ಇತ್ತು, 1966ರಲ್ಲಿ ಅದನ್ನು ತೆಗೆದು ಆಯಾ ರಾಜ್ಯಗಳಿಗೆ ಬಿಟ್ಟರು. ಗೊಜ್ಜಿಗೆ ಹುಳಿ ಹಣ್ಣು ಬೇಕು ಅಂತಿದ್ದರೆ ಅಂಗಡಿಯ ಕ್ರ್ಯಾನ್‌ಬೆರ್ರಿ ಸಾಕು. ಬೆಲ್ಲ ಸ್ವಲ್ಪ ಮುಂದಾಗಿರಲಿ, ಮೆಂತ್ಯ ಹುರಿದು ಹಾಕು.